ಟೆಕ್ಸ್ಟ್ ಬಾಕ್ಸ್ ಹಠ ಮಾಡಿದಾಗ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮ ಶಾಲೆಗೆ ಐವತ್ತು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಬಿದ್ದಿದೆ. ಸುಮಾರು 120 ಪುಟ, ಎಲ್ಲವೂ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ. ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಲೇಖನಗಳ ನಡುವೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಹಾಕಿದ್ದೇನೆ. ಈಗ ಸಾಕುಸಾಕಾಗಿದೆ. ಬಾಕ್ಸ್ ಒಳಗೆ ಅಡಿಟಿಪ್ಪಣಿ ಹಾಕಲು ಹೋದರೆ ಬಟನ್ ಮಂಕಾಗುತ್ತದೆ. ಉದ್ದದ ನೆನಪುಗಳು ಮುಂದಿನ ಪುಟಕ್ಕೆ ಹೋಗದೆ ಅರ್ಧಕ್ಕೇ ನಿಲ್ಲುತ್ತವೆ. ಬಾಕ್ಸ್‌ನಲ್ಲಿರುವ ತಲೆಬರಹಗಳು ಪಕ್ಕದ ನ್ಯಾವಿಗೇಷನ್ ಪಟ್ಟಿಯಲ್ಲಿ ಬರುವುದಿಲ್ಲ. ಎಲ್ಲೋ ಒಂದು ಸಾಲು ಸೇರಿಸಿದರೆ ಬಾಕ್ಸ್ ಇನ್ನೆಲ್ಲೋ ಹಾರುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಲೇಖನಗಳನ್ನು ಈಗಿನ ಕಂಪ್ಯೂಟರ್‌ಗಳಿಗೆ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿ ಅಂಟಿಸಿದಾಗ ಕೆಲವು ಬಾಕ್ಸ್‌ಗಳು ಮಾಯವಾದವು. ಉಳಿದ ಬಾಕ್ಸ್‌ಗಳು ಪ್ರೆಸ್ಸಿನವರ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಂದ ಹಾಗೆ ಕಾಣುತ್ತಿವೆ. ಈ ವಯಸ್ಸಿನಲ್ಲಿ ನಾನು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶ ಕಲಿಯಬೇಕಾ?

ಉತ್ತರ: ಪೇಜ್‌ಮೇಕರ್ ಬೇಡ ಮೇಷ್ಟ್ರೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಬಾಕ್ಸ್ ಅಂದರೆ ಏನು ಅಂತ ನೋಡೋಣ. ಅದು ಗೊತ್ತಾದರೆ ನಿಮ್ಮ ಎಲ್ಲ ದೂರುಗಳ ಬೇರು ಒಂದೇ ಅಂತ ಕಾಣುತ್ತದೆ.

ಟೆಕ್ಸ್ಟ್ ಬಾಕ್ಸ್ ಪುಟದ ಒಂದು ಭಾಗ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಪುಟದ ಭಾಗವಲ್ಲ. ಪುಟಕ್ಕೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದ ಚೀಟಿ ಅದು. ಪುಟದ ಮಾತು ಒಂದು ಲೆಕ್ಕ, ಚೀಟಿಯ ಮಾತು ಬೇರೆ ಲೆಕ್ಕ. ಅನುಮಾನ ಇದ್ದರೆ ಪುಟದ ಯಾವುದಾದರೂ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಎ ಒತ್ತಿ, ಫಾಂಟ್ ಬದಲಾಯಿಸಿ ನೋಡಿ. 120 ಪುಟದ ಅಕ್ಷರವೂ ಬದಲಾಗುತ್ತದೆ. ಬಾಕ್ಸ್ ಒಳಗಿನದು ಮಾತ್ರ ತನ್ನ ಪಾಡಿಗೆ ತಾನು ಹಳೆಯ ಫಾಂಟ್‌ನಲ್ಲೇ ಕೂತಿರುತ್ತದೆ.

ಚೀಟಿ ಎರಡು ಪುಟದ ಮೇಲೆ ಹರಡುವುದಿಲ್ಲ, ಹಾಗಾಗಿ ಬಾಕ್ಸ್ ಮುಂದಿನ ಪುಟಕ್ಕೆ ಒಡೆದು ಹೋಗುವುದಿಲ್ಲ. ಅಡಿಟಿಪ್ಪಣಿಗೆ ಪುಟದ ಅಡಿ ಬೇಕು, ಚೀಟಿಗೆ ಪುಟದ ಅಡಿ ಎಲ್ಲಿಂದ ಬರಬೇಕು? ವರ್ಡ್ ಆ ಬಟನ್ನನ್ನು ಮಂಕು ಮಾಡುವುದು ಅದಕ್ಕೇ. ಗುಂಡುಪಿನ್ನು ಚುಚ್ಚಿದ ಪ್ಯಾರಾ ಮುಂದೆ ಸರಿದರೆ ಚೀಟಿಯೂ ಸರಿಯುತ್ತದೆ, ಆ ಪ್ಯಾರಾ ಅಳಿಸಿದರೆ ಚೀಟಿಯೂ ಅದರ ಜೊತೆ ಹೋಗುತ್ತದೆ. ನಿಮ್ಮ ಕೆಲವು ಬಾಕ್ಸ್ ಮಾಯವಾಗಿದ್ದು ಹೀಗೆ. ಹಳೆಯ ಪ್ಯಾರಾ ಆಯ್ಕೆ ಮಾಡಿ ಅದರ ಮೇಲೆ ಹೊಸದನ್ನು ಅಂಟಿಸಿದಿರಿ, ಆ ಪ್ಯಾರಾಕ್ಕೆ ಪಿನ್ನಾಗಿದ್ದ ಬಾಕ್ಸ್ ಅದರ ಜೊತೆಗೇ ಅಳಿಸಿ ಹೋಯಿತು.

ಆದ್ದರಿಂದ ಪ್ರತಿ ಬಾಕ್ಸ್ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ಮಾತು ಹರಿಯಬೇಕಾ, ಕೂರಬೇಕಾ? ಲೇಖನದ ಜೊತೆ ಓದಿಸಿಕೊಂಡು ಹೋಗುವ ನೆನಪು ಹರಿಯುವ ಮಾತು. ಪುಟದ ಬಲಮೂಲೆಯಲ್ಲಿ ಇರಲೇಬೇಕಾದ ಎರಡು ಸಾಲಿನ ಉಕ್ತಿ, ಫೋಟೋದ ಮೇಲೆ ಬರೆದ ಹೆಸರು, ಮುಖಪುಟದ ಶೀರ್ಷಿಕೆ, ಇವು ಕೂರುವ ಮಾತು. ಕೂರುವುದಕ್ಕೆ ಟೆಕ್ಸ್ಟ್ ಬಾಕ್ಸ್ ಚೆನ್ನ. ಹರಿಯುವುದಕ್ಕೆ ಅದು ಬೇಡವೇ ಬೇಡ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮುಕ್ಕಾಲು ಪಾಲು ಬಾಕ್ಸ್‌ಗಳು ಹರಿಯುವ ಮಾತಿನವು.

ಹರಿಯುವ ಮಾತಿಗೆ ಚೌಕ ಬೇಕು ಅಂದರೆ ಪ್ಯಾರಾಕ್ಕೇ ಗೆರೆ ಹಾಕಿ. ಇದು ಎಲ್ಲರ ಕಣ್ಣೆದುರೇ ಇದ್ದರೂ ಯಾರೂ ಬಳಸದ ಸವಲತ್ತು. ಬಾಕ್ಸ್ ಒಳಗೆ ಕ್ಲಿಕ್ ಮಾಡಿ, ಕಂಟ್ರೋಲ್ ಎ ಒತ್ತಿ (ಒಳಗಿದ್ದಾಗ ಅದು ಬಾಕ್ಸ್‌ನ ಮಾತನ್ನಷ್ಟೇ ಆಯ್ಕೆ ಮಾಡುತ್ತದೆ), ಕಟ್ ಮಾಡಿ. ಹೊರಗೆ ಬಂದು ಅದು ಇರಬೇಕಾದ ಕಡೆ ಅಂಟಿಸಿ. ಖಾಲಿ ಬಾಕ್ಸ್‌ನ ಅಂಚು ಹಿಡಿದು ಅಳಿಸಿ. ಈಗ ಆ ಪ್ಯಾರಾಗಳನ್ನೆಲ್ಲ ಆಯ್ಕೆ ಮಾಡಿ, ಹೋಮ್ ಪಟ್ಟಿಯಲ್ಲಿ ಬಾರ್ಡರ್ಸ್ ಗುಂಡಿಯ ಪಕ್ಕದ ಬಾಣ ಒತ್ತಿ ಔಟ್‌ಸೈಡ್ ಬಾರ್ಡರ್ಸ್ ಆರಿಸಿ. ಬೇಕಿದ್ದರೆ ಶೇಡಿಂಗ್‌ನಲ್ಲಿ ತಿಳಿ ಬೂದು ಬಣ್ಣ ಕೊಡಿ. ಅಷ್ಟೇ, ಚೌಕ ಸಿದ್ಧ. ಇದರಲ್ಲಿ ಅಡಿಟಿಪ್ಪಣಿ ಬರುತ್ತದೆ. ತಲೆಬರಹ ಪರಿವಿಡಿಗೂ ನ್ಯಾವಿಗೇಷನ್ ಪಟ್ಟಿಗೂ ಹೋಗುತ್ತದೆ. ಪುಟ ತುಂಬಿದರೆ ಚೌಕ ತಾನಾಗಿಯೇ ಮುಂದಿನ ಪುಟಕ್ಕೆ ಇಳಿಯುತ್ತದೆ.

ಇಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ. ಮೊದಲನೆಯದು, ಒಂದು ಚೌಕ ಇರಬೇಕಾದ ಕಡೆ ಎರಡು ಮೂರು ಚೌಕ ಆಗುವುದು. ಪಕ್ಕಪಕ್ಕದ ಪ್ಯಾರಾಗಳ ಗೆರೆಯೂ ಇಂಡೆಂಟೂ ಒಂದೇ ಆಗಿದ್ದರೆ ವರ್ಡ್ ಅವನ್ನು ಒಂದೇ ಚೌಕದಲ್ಲಿ ಸೇರಿಸುತ್ತದೆ. ಒಂದು ಪ್ಯಾರಾದ ಎಡ ಇಂಡೆಂಟ್ ಚೂರು ಬೇರೆ ಇದ್ದರೂ ಅಲ್ಲಿಗೆ ಚೌಕ ಮುರಿದು ಹೊಸದು ಶುರುವಾಗುತ್ತದೆ. ನೆನಪಿನ ಕೊನೆಯಲ್ಲಿ ಬರೆದವರ ಹೆಸರನ್ನು ಒಳಕ್ಕೆ ತಳ್ಳಲು ಇಂಡೆಂಟ್ ಹೆಚ್ಚಿಸಿರುತ್ತೀರಿ ಅಲ್ವಾ, ಅಲ್ಲೇ ಮುರಿಯುವುದು. ಹೆಸರನ್ನು ಬಲಕ್ಕೆ ತರಬೇಕಾದರೆ ಇಂಡೆಂಟ್ ಮುಟ್ಟಬೇಡಿ, ಬಲಕ್ಕೆ ಹೊಂದಿಸುವ ರೈಟ್ ಅಲೈನ್ ಬಳಸಿ. ಎರಡನೆಯದು, ಚೌಕ ಮಾರ್ಜಿನ್‌ನಿಂದ ಆಚೆ ಚಾಚಿಕೊಳ್ಳುವುದು. ಗೆರೆ ಬೀಳುವುದು ಅಕ್ಷರದ ಹೊರಗಡೆ, ಹಾಗಾಗಿ ಚೌಕ ಪಕ್ಕದ ಪ್ಯಾರಾಗಿಂತ ಅಗಲ ಕಾಣುತ್ತದೆ. ಎಡಕ್ಕೂ ಬಲಕ್ಕೂ ಸ್ವಲ್ಪ ಇಂಡೆಂಟ್ ಕೊಟ್ಟರೆ ಸಾಲಾಗಿ ನಿಲ್ಲುತ್ತದೆ, ಎಲ್ಲ ಪ್ಯಾರಾಗಳಿಗೂ ಒಂದೇ ಅಳತೆ ಇರಲಿ.

ಒಂದು ಚೌಕ ಸರಿ ಬಂದ ಮೇಲೆ ಅದನ್ನು ಸ್ಟೈಲ್ ಮಾಡಿ ಉಳಿಸಿ. ಹೆಸರು 'ನೆನಪು' ಅಂತ ಇಡಿ. ಮುಂದಿನ ನಲವತ್ತು ನೆನಪುಗಳಿಗೆ ಒಂದೊಂದು ಕ್ಲಿಕ್ ಸಾಕು. ನಾಳೆ ಸಂಪಾದಕ ಮಂಡಳಿಯಲ್ಲಿ ಯಾರೋ ಒಬ್ಬರು ಬೂದು ಬೇಡ, ಹಳದಿ ಇರಲಿ ಅಂದರೆ ಸ್ಟೈಲ್‌ನಲ್ಲಿ ಒಂದು ಕಡೆ ಬದಲಾಯಿಸಿ ಚಹಾ ಕುಡಿಯಲು ಹೋಗಬಹುದು. ಯಾರೋ ಒಬ್ಬರು ಅಂದೇ ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ.

ಚೌಕದ ಪಕ್ಕದಲ್ಲಿ ಲೇಖನದ ಮಾತು ಸುತ್ತಿ ಹರಿಯಬೇಕು, ಒಳಗೆ ಅಡಿಟಿಪ್ಪಣಿಯೂ ಬೇಕು ಅನ್ನುವ ಕಡೆ ಪ್ಯಾರಾ ಗೆರೆ ಸಾಲದು. ಅದಕ್ಕೆ ಫ್ರೇಮ್ ಇದೆ. ಫ್ರೇಮ್ ಟೆಕ್ಸ್ಟ್ ಬಾಕ್ಸ್‌ಗಿಂತ ಹಳೆಯದು. ಹೊಸದು ಬಂದ ಮೇಲೆ ಅಟ್ಟಕ್ಕೆ ಹಾಕಿದ ಹಳೆಯ ಪಾತ್ರೆಯ ಹಾಗೆ ವರ್ಡ್ ಅದನ್ನು ಒಳಗೆಲ್ಲೋ ಬಚ್ಚಿಟ್ಟಿದೆ. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಡೆವಲಪರ್ ಪಟ್ಟಿಗೆ ಟಿಕ್ ಹಾಕಿ. ಆ ಪಟ್ಟಿಯ ಲೆಗಸಿ ಟೂಲ್ಸ್ ಒಳಗೆ ಇನ್ಸರ್ಟ್ ಫ್ರೇಮ್ ಅನ್ನುವ ಚಿಕ್ಕ ಗುಂಡಿ ಇದೆ. ನೋಡಲು ಟೆಕ್ಸ್ಟ್ ಬಾಕ್ಸ್ ಥರವೇ ಕಾಣುತ್ತದೆ, ಆದರೆ ಒಳಗೆ ಅಜಗಜಾಂತರ. ಫ್ರೇಮ್ ಬೇರೆ ಚೀಟಿಯಲ್ಲ, ಪುಟದ ಪ್ಯಾರಾವನ್ನೇ ಪಕ್ಕಕ್ಕೆ ಸರಿಸಿ ಕೂರಿಸಿದ್ದು. ಮಾತು ಪುಟದ್ದೇ ಆಗಿ ಉಳಿಯುವುದರಿಂದ ಅಡಿಟಿಪ್ಪಣಿ, ಕಾಮೆಂಟ್, ಸೂಚಿಯ ಗುರುತು ಎಲ್ಲವೂ ನಡೆಯುತ್ತವೆ. ಫ್ರೇಮನ್ನು ತಿರುಗಿಸಿ ಓರೆಯಾಗಿ ಇಡಲು, ಒಂದರಿಂದ ಇನ್ನೊಂದಕ್ಕೆ ಮಾತು ಹರಿಸಲು ಆಗುವುದಿಲ್ಲ. ಸ್ಮರಣ ಸಂಚಿಕೆಗೆ ಅದರ ಅಗತ್ಯವೂ ಜಾಸ್ತಿ ಬೀಳುವುದಿಲ್ಲ.

ಫ್ರೇಮ್ ಕೂಡ ಬೇಡ, ಬಾಕ್ಸ್‌ನಲ್ಲೇ ಟಿಪ್ಪಣಿ ಬೇಕು ಅಂತ ಹಟ ಹಿಡಿದರೆ ಒಂದು ಕಳ್ಳದಾರಿ ಉಂಟು. ಬಾಕ್ಸ್ ಪಿನ್ನಾಗಿರುವ ಪ್ಯಾರಾದ ಕೊನೆಯಲ್ಲಿ ಮಾಮೂಲಿ ಅಡಿಟಿಪ್ಪಣಿ ಹಾಕಿ. ಅಲ್ಲಿ ಬಂದ ಅಂಕಿಯನ್ನು ಬಿಳಿ ಬಣ್ಣ ಮಾಡಿ, 1 ಪಾಯಿಂಟ್‌ಗೆ ಇಳಿಸಿ, ಕಣ್ಣಿಗೆ ಬೀಳುವುದಿಲ್ಲ. ಹಿಡನ್ ಮಾಡಬೇಡಿ, ಮಾಡಿದರೆ ಟಿಪ್ಪಣಿಯೂ ಅಡಗಿ ಕೂರುತ್ತದೆ. ಆಮೇಲೆ ಬಾಕ್ಸ್ ಒಳಗೆ ರೆಫರೆನ್ಸಸ್ ಪಟ್ಟಿಯ ಕ್ರಾಸ್-ರೆಫರೆನ್ಸ್ ತೆರೆದು, ಫುಟ್‌ನೋಟ್ ಆರಿಸಿ, ಅದೇ ಟಿಪ್ಪಣಿಯ ಅಂಕಿಯನ್ನು ಫಾರ್ಮ್ಯಾಟೆಡ್ ರೂಪದಲ್ಲಿ ಸೇರಿಸಿ. ಓದುವವರಿಗೆ ಬಾಕ್ಸ್‌ನಲ್ಲಿ ಅಂಕಿ, ಪುಟದ ಅಡಿಯಲ್ಲಿ ಟಿಪ್ಪಣಿ ಕಾಣುತ್ತದೆ. ಒಂದೇ ತೊಂದರೆ, ನಡುವೆ ಹೊಸ ಟಿಪ್ಪಣಿ ಸೇರಿಸಿದರೆ ಬಾಕ್ಸ್‌ನ ಅಂಕಿ ತಾನಾಗಿ ಬದಲಾಗುವುದಿಲ್ಲ. ಕಂಟ್ರೋಲ್ ಎ ಒತ್ತಿ ಎಫ್9 ಒತ್ತಿದರೂ ಬಾಕ್ಸ್ ಒಳಗಿನದು ಹಾಗೇ ಇರುತ್ತದೆ. ಒಂದೊಂದು ಬಾಕ್ಸ್‌ಗೂ ಹೋಗಿ ಎಫ್9 ಒತ್ತಬೇಕು. ಎರಡು ಮೂರು ಬಾಕ್ಸ್ ಆದರೆ ಸರಿ, ನಲವತ್ತಕ್ಕೆ ಇದು ಶಿಕ್ಷೆ.

ಎರಡು ಅಂಕಣದ ಚೌಕ, ಪಕ್ಕದಲ್ಲಿ ಫೋಟೋ ಇರುವ ಪರಿಚಯ, ಇಂಥವಕ್ಕೆ ಗೆರೆಯೂ ಬೇಡ, ಫ್ರೇಮೂ ಬೇಡ, ಟೇಬಲ್ ಹಾಕಿ. ಎಡ ಕೋಣೆಯಲ್ಲಿ ಫೋಟೋ, ಬಲ ಕೋಣೆಯಲ್ಲಿ ಮಾತು, ನಡುಗೆರೆ ಅಳಿಸಿಬಿಡಿ. ಟೇಬಲ್ ಒಳಗೆ ಅಡಿಟಿಪ್ಪಣಿ ಬರುತ್ತದೆ, ತಲೆಬರಹ ಪರಿವಿಡಿಗೂ ಬರುತ್ತದೆ. ನ್ಯಾವಿಗೇಷನ್ ಪಟ್ಟಿಗೆ ಮಾತ್ರ ಬರುವುದಿಲ್ಲ, ಬಾಕ್ಸ್‌ಗೂ ಟೇಬಲ್‌ಗೂ ಆ ಪಟ್ಟಿಯಲ್ಲಿ ಜಾಗ ಇಲ್ಲ. ಬೇಕಿದ್ದರೆ ತಲೆಬರಹವನ್ನು ಟೇಬಲ್‌ನ ಮೇಲೆ, ಹೊರಗಡೆ ಬರೆಯಿರಿ.

ಹರಿಯುವ ಮಾತಿಗೂ ಟೆಕ್ಸ್ಟ್ ಬಾಕ್ಸೇ ಬೇಕು ಅನ್ನುವ ಒಂದು ಸಂದರ್ಭ ಇದೆ. ಸಂದೇಶ 12ನೇ ಪುಟದ ಮೂಲೆಯಲ್ಲಿ ಶುರುವಾಗಿ 15ನೇ ಪುಟದ ಮೂಲೆಯಲ್ಲಿ ಮುಂದುವರಿಯಬೇಕು, ಪತ್ರಿಕೆಯಲ್ಲಿ ಇರುವ ಹಾಗೆ. ಆಗ ಎರಡು ಬಾಕ್ಸ್ ಜೋಡಿಸಬಹುದು. ಮೊದಲ ಬಾಕ್ಸ್ ಆರಿಸಿ, ಶೇಪ್ ಫಾರ್ಮ್ಯಾಟ್ ಪಟ್ಟಿಯಲ್ಲಿ ಕ್ರಿಯೇಟ್ ಲಿಂಕ್ ಒತ್ತಿ. ಕರ್ಸರ್ ಒಂದು ಹೂಜಿ ಆಗುತ್ತದೆ. ಎರಡನೇ ಬಾಕ್ಸ್ ಮೇಲೆ ತಂದರೆ ಹೂಜಿ ವಾಲಿ ಸುರಿಯುವ ಹಾಗೆ ಕಾಣುತ್ತದೆ, ಅಲ್ಲಿ ಕ್ಲಿಕ್ ಮಾಡಿ. ಮೊದಲನೆಯದರಲ್ಲಿ ಹಿಡಿಸದೆ ಉಳಿದ ಮಾತು ಎರಡನೆಯದಕ್ಕೆ ಸುರಿಯುತ್ತದೆ. ಎರಡನೆಯದು ಖಾಲಿ ಇರಲೇಬೇಕು, ಒಂದು ಅಕ್ಷರ ಇದ್ದರೂ ಹೂಜಿ ಸುರಿಯಲು ಒಪ್ಪುವುದಿಲ್ಲ.

ಇನ್ನು ಅರ್ಧಕ್ಕೆ ನಿಂತ ಮಾತು. ಇದು ನನಗೆ ಹಳೆಯ ಗಾಯ. ನಾನು ಡಿಟಿಪಿ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಸಂಘದ ಸಂಚಿಕೆ ವರ್ಡ್‌ನಲ್ಲಿ ಮಾಡಿಕೊಟ್ಟೆ. ದಾನಿಗಳ ಪಟ್ಟಿ ಟೆಕ್ಸ್ಟ್ ಬಾಕ್ಸ್‌ನಲ್ಲಿತ್ತು. ಪ್ರೆಸ್‌ಗೆ ಕೊಡುವ ದಿನ ಬೆಳಿಗ್ಗೆ ಇನ್ನೆರಡು ಹೆಸರು ಸೇರಿಸಿ ಅಂದರು. ನಡುವೆ ತುರುಕಿದೆ. ಕೆಳಗಿನ ಎರಡು ಹೆಸರು ಸದ್ದಿಲ್ಲದೆ ಬಾಕ್ಸ್‌ನ ಕೆಳಗೆ ಇಳಿದು ಕಾಣೆಯಾದವು. ಐನೂರು ಪ್ರತಿ ಅಚ್ಚಾದ ಮೇಲೆ ಗೊತ್ತಾಯಿತು, ಕಾಣೆಯಾದ ಎರಡರಲ್ಲಿ ಒಂದು ಹೆಸರು ಸಮಾರಂಭದ ಊಟದ ಖರ್ಚು ಪೂರ್ತಿ ಹೊತ್ತವರದು. ಎಲ್ಲ ಪ್ರತಿಗೂ ಚೀಟಿ ಅಂಟಿಸಿದೆವು. ಅವತ್ತಿನಿಂದ ಟೆಕ್ಸ್ಟ್ ಬಾಕ್ಸ್ ಕಂಡರೆ ಮೊದಲು ಅದರ ತಳ ನೋಡುತ್ತೇನೆ.

ಪೇಜ್‌ಮೇಕರ್‌ನಲ್ಲಿ ಮಾತು ಮಿಕ್ಕಿದ್ದರೆ ಕೆಳಗೆ ಕೆಂಪು ತ್ರಿಕೋನ ಕಾಣುತ್ತಿತ್ತು. ಪುಟ ಜೋಡಿಸುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಕೆಂಪು ಪ್ಲಸ್ ಗುರುತು ಕಾಣುತ್ತದೆ. ವರ್ಡ್ ಅಂಥದ್ದೇನನ್ನೂ ತೋರಿಸುವುದಿಲ್ಲ. ಹಾಗಾಗಿ ಉಳಿಸಿಕೊಳ್ಳುವ ಪ್ರತಿ ಬಾಕ್ಸ್‌ಗೂ ಅಂಚಿನ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಶೇಪ್ ತೆರೆದು, ಟೆಕ್ಸ್ಟ್ ಬಾಕ್ಸ್ ವಿಭಾಗದಲ್ಲಿ ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್ ಅನ್ನುವುದಕ್ಕೆ ಟಿಕ್ ಹಾಕಿ. ಮಾತು ಬೆಳೆದರೆ ಬಾಕ್ಸೂ ಬೆಳೆಯುತ್ತದೆ. ಅಳತೆ ಬದಲಾಗಲೇಬಾರದು ಅನ್ನುವ ಕಡೆ ಬಾಕ್ಸ್ ಒಳಗಿನದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ, ಕೊನೆಯ ಸಾಲು ಪುಟದಲ್ಲಿ ಕಾಣುತ್ತಿದೆಯಾ ಅಂತ ಹೋಲಿಸಿ. ಅದೇ ಜಾಗದಲ್ಲಿ ಒಳಮಾರ್ಜಿನ್ ಕೂಡ ಇದೆ. ವರ್ಡ್ ತಾನಾಗಿ ಎಡಬಲ 0.1 ಇಂಚು, ಮೇಲೆ ಕೆಳಗೆ 0.05 ಇಂಚು ಬಿಟ್ಟಿರುತ್ತದೆ. ಗೆರೆ ಇಲ್ಲದ ಕಿರಿದಾದ ಬಾಕ್ಸ್‌ಗೆ ಅದನ್ನು ಸೊನ್ನೆ ಮಾಡಿದರೆ ಒಂದೆರಡು ಅಕ್ಷರದಷ್ಟು ಜಾಗ ಸಿಗುತ್ತದೆ.

ಕನ್ನಡಕ್ಕೇ ಅಂಟಿಕೊಂಡ ಎರಡು ರಗಳೆಗಳು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ಒಂದು, ಒತ್ತಕ್ಷರ ಕತ್ತರಿಸಿ ಹೋಗುವುದು. ಬಾಕ್ಸ್‌ನಲ್ಲಿ ಮಾತು ಹಿಡಿಸಲಿ ಅಂತ ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ ಅಂತ ಬಿಗಿ ಮಾಡಿರುತ್ತೇವೆ. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮ 'ಸ್ವಾತಂತ್ರ್ಯ', 'ರಾಷ್ಟ್ರ' ಇಂಥ ಪದಗಳ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸುತ್ತದೆ, ಓದುಗರು ಅದನ್ನು ಕಾಗುಣಿತದ ತಪ್ಪು ಅಂದುಕೊಳ್ಳುತ್ತಾರೆ. ಮೇಷ್ಟ್ರ ಸಂಚಿಕೆಯಲ್ಲಿ ಅದು ಆಗಬಾರದಲ್ವಾ? ಎಕ್ಸಾಕ್ಟ್ಲಿ ತೆಗೆದು ಅಟ್ ಲೀಸ್ಟ್ ಆರಿಸಿ. ಎರಡು, ಕಿರಿದಾದ ಬಾಕ್ಸ್‌ನಲ್ಲಿ ಎರಡೂ ಅಂಚು ಸಮ ಮಾಡುವ ಜಸ್ಟಿಫೈ. ನಮ್ಮ ಪದಗಳು ಉದ್ದ. 'ನೆನಪಿಸಿಕೊಳ್ಳಬೇಕಾಗಿರುವುದರಿಂದ' ಅಂತ ಒಂದು ಪದ ಬಂದರೆ ಎರಡಿಂಚಿನ ಬಾಕ್ಸ್‌ನ ಒಂದು ಸಾಲು ಪೂರ್ತಿ ಅದಕ್ಕೇ ಹೋಗುತ್ತದೆ. ಅದರ ಹಿಂದಿನ ಸಾಲಿನಲ್ಲಿ ಎರಡು ಪದ, ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಕಿರಿದಾದ ಬಾಕ್ಸ್‌ಗೆ ಎಡಕ್ಕೆ ಹೊಂದಿಸಿ, ಬಲ ಅಂಚು ಏರುಪೇರಾಗಿದ್ದರೆ ಇರಲಿ ಬಿಡಿ.

ಬಾಕ್ಸ್ ಹಾರುವುದಕ್ಕೆ ಮದ್ದು ಸುಲಭ. ಬಾಕ್ಸ್ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ಪ್ಯಾರಾ ಗುರುತುಗಳ ಜೊತೆ ಎಡಗಡೆ ಒಂದು ಪುಟ್ಟ ಲಂಗರು ಕಾಣುತ್ತದೆ. ಅದೇ ನಾನು ಹೇಳಿದ ಗುಂಡುಪಿನ್ನು. ಬಾಕ್ಸ್‌ಗೆ ಸಂಬಂಧವೇ ಇಲ್ಲದ ಪ್ಯಾರಾದಲ್ಲಿ ಅದು ಇದ್ದರೆ ಎಳೆದು ಸರಿಯಾದ ಪ್ಯಾರಾದ ಪಕ್ಕ ತನ್ನಿ. ಲೇಔಟ್ ಆಪ್ಷನ್ಸ್‌ನಲ್ಲಿ ಲಾಕ್ ಆಂಕರ್ ಹಾಕಿದರೆ ಪಿನ್ನು ಬೇರೆ ಪ್ಯಾರಾಕ್ಕೆ ಹೋಗುವುದಿಲ್ಲ. ಆದರೆ ಆ ಪ್ಯಾರಾ ಮುಂದಿನ ಪುಟಕ್ಕೆ ಹೋದರೆ ಬಾಕ್ಸ್ ಕೂಡ ಹೋಗುತ್ತದೆ. ಈ ಲಾಕ್ ಅಂದರೆ ಬಾಕ್ಸ್ ಪುಟಕ್ಕೇ ಅಂಟಿತು ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ ಬರಬೇಕಾದ ಬಾಕ್ಸ್, ಉದಾಹರಣೆಗೆ ಅಂಚಿನಲ್ಲಿ ಶಾಲೆಯ ಹೆಸರು, ಹೆಡರ್ ಒಳಗೆ ಹೋಗಿ ಹಾಕಿ. ಒಂದು ಸಲ ಹಾಕಿದರೆ ಆ ವಿಭಾಗದ ಎಲ್ಲ ಪುಟಕ್ಕೂ ಬರುತ್ತದೆ. ಯಾವ ಬಾಕ್ಸ್ ಎಲ್ಲಿದೆ ಅಂತ ಗೊಂದಲ ಆದರೆ ಆಲ್ಟ್ ಮತ್ತು ಎಫ್10 ಒತ್ತಿ, ಆ ಪುಟದ ಬಾಕ್ಸ್, ಚಿತ್ರಗಳ ಪಟ್ಟಿ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ.

ನುಡಿಯ ವಿಷಯ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದೆ, ಹಾಗಾಗಿ ಬಾಕ್ಸ್‌ಗಳು ಸರಿಯಾಗೇ ಕಾಣುತ್ತಿವೆ. ಪ್ರೆಸ್ಸಿನವರ ಹತ್ತಿರ ಅದು ಇಲ್ಲ, ಅಂಗಿ ಕಳಚಿ ಕೊಂಬು ಕಂಡಿದೆ. ಪುಟದ ಮಾತು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದಾಗ ಬಾಕ್ಸ್‌ನ ಮಾತು ಜೊತೆಗೆ ಬರುವುದಿಲ್ಲ. ಉಳಿದ ಬಾಕ್ಸ್‌ಗಳನ್ನು ಒಂದೊಂದಾಗಿ ಬದಲಾಯಿಸಬೇಕು, ಬೇರೆ ದಾರಿ ಇಲ್ಲ. ಹೇಗೂ ಹರಿಯುವ ಮಾತನ್ನು ಬಾಕ್ಸ್‌ನಿಂದ ಹೊರಗೆ ತರುತ್ತೀರಲ್ಲ, ಎರಡೂ ಕೆಲಸ ಒಟ್ಟಿಗೆ ಮಾಡಿ. ಬಾಕ್ಸ್‌ನಿಂದ ಕಟ್, ಪರಿವರ್ತಕಕ್ಕೆ ಪೇಸ್ಟ್, ಅಲ್ಲಿಂದ ಪುಟಕ್ಕೆ. ಅಂಟಿಸುವಾಗ ಕೀಪ್ ಟೆಕ್ಸ್ಟ್ ಓನ್ಲಿ ಆರಿಸಿ, ಆಮೇಲೆ 'ನೆನಪು' ಸ್ಟೈಲ್ ಕೊಡಿ. ಕಳೆದುಹೋದ ಬಾಕ್ಸ್‌ಗಳ ಮಾತು ನಿಮ್ಮ ಹಳೆಯ ಪ್ರತಿಯಲ್ಲಿ ಇದ್ದೇ ಇರುತ್ತದೆ. ಕೆಲಸಕ್ಕೆ ಮುಂಚೆ ಈಗಿನ ಫೈಲನ್ನೂ ಬೇರೆ ಹೆಸರಿನಲ್ಲಿ ಉಳಿಸಿ.

ಇನ್ನು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ಅರ್ಥವಾಗುವುದಿಲ್ಲ. ಕಷ್ಟಪಟ್ಟು ಬದಲಾಯಿಸಿದ್ದನ್ನೆಲ್ಲ ಮತ್ತೆ ನುಡಿಗೆ ತಿರುಗಿಸಬೇಕಾಗುತ್ತದೆ. ಕಲಿಯಲೇಬೇಕು ಅಂತ ಆಸೆ ಇದ್ದರೆ ಉಚಿತವಾಗಿ ಸಿಗುವ ಸ್ಕ್ರೈಬಸ್ ನೋಡಿ, 1.6ನೇ ಆವೃತ್ತಿಯಿಂದ ಕನ್ನಡದಂಥ ಲಿಪಿಗಳನ್ನೂ ಜೋಡಿಸುತ್ತದೆ. ಆದರೆ ಅದು ಮುಂದಿನ ಸಂಚಿಕೆಗೆ. ಈ ಸಲ ವರ್ಡ್‌ನಲ್ಲೇ ಮುಗಿಸಿ, ಪ್ರೆಸ್‌ಗೆ ವರ್ಡ್ ಫೈಲ್ ಕೊಡದೆ ಪಿಡಿಎಫ್ ಕೊಡಿ. ಅದರಲ್ಲಿ ಫಾಂಟ್ ಜೊತೆಗೇ ಹೋಗುತ್ತದೆ. ಕೊಡುವ ಮುಂಚೆ ದಾನಿಗಳ ಪುಟವನ್ನು ಒಂದು ಸಲ ಕಾಗದದ ಮೇಲೆ ಪ್ರಿಂಟ್ ತೆಗೆದು, ಖಜಾಂಚಿಯವರ ರಸೀದಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರು ಎಣಿಸಿ.